ಪ್ರವಾಸದ ರಾತ್ರಿ ನಾಯಿ ಎಲ್ಲಿ ಮಲಗಬೇಕು?

ಜನವರಿಯ ಒಂದು ಸೋಮವಾರ. ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಅವಳ ತಂದೆ ನನ್ನ ಕ್ಲಿನಿಕ್ಕಿಗೆ ಕರೆತಂದರು. ಕಿವಿಯ ಹಿಂದೆ ಕಪ್ಪು ಮಚ್ಚೆಯಂಥದ್ದೇನೋ ಎದ್ದಿದೆ, ಕೆರೆತ, ಮುಟ್ಟಿದರೆ ನೋವು ಎಂಬುದು ದೂರು. ಭೂತಗನ್ನಡಿ ಹಿಡಿದು ನೋಡಿದರೆ ಆ ಮಚ್ಚೆಗೆ ಕಾಲುಗಳಿದ್ದವು! ಅದು ಉಣ್ಣೆ. ಮಲೆನಾಡಿನವರು ಇದನ್ನೇ ಉಣುಗು ಎನ್ನುತ್ತಾರೆ.

ವಿಚಾರಿಸಿದಾಗ ಸಂಗತಿ ಹೊರಬಂತು. ವಾರಾಂತ್ಯದಲ್ಲಿ ಸಾಗರದ ಕಡೆ ಪ್ರವಾಸ ಹೋಗಿದ್ದರು. ಲಾಡ್ಜಿನಲ್ಲಿ ನಾಯಿಗೆ ಪ್ರವೇಶವಿಲ್ಲವಾದ್ದರಿಂದ ಕಾರಿನ ಹಿಂದಿನ ಸೀಟು ಮಡಚಿ, ಹಾಸಿಗೆ ಹಾಸಿ, ಎರಡು ರಾತ್ರಿ ಅದರಲ್ಲೇ ಮಲಗಿದ್ದರು. ‘ನಾಯಿ ಎಲ್ಲಿ ಮಲಗಿತ್ತು?’ ಎಂದು ಕೇಳಿದೆ. ತಂದೆ ನಕ್ಕರು. ‘ಹಗಲೆಲ್ಲ ಕಾಡಂಚಿನ ಕುರುಚಲಿನಲ್ಲಿ ಓಡಾಡಿಕೊಂಡಿತ್ತು ಡಾಕ್ಟರೇ, ರಾತ್ರಿ ಇವಳ ರಗ್ಗಿನೊಳಗೇ.’ ಸಾಗರದ ಸುತ್ತಮುತ್ತ ಆ ತಿಂಗಳುಗಳಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತದೆ ಎಂದು ನಾನು ಹೇಳಿದ ಮೇಲೆ ಅವರ ನಗು ಮಾಯವಾಯಿತು. ಪುಣ್ಯಕ್ಕೆ ಹುಡುಗಿಗೆ ಏನೂ ಆಗಲಿಲ್ಲ. ಆದರೆ ಎರಡು ವಾರ ದಿನಕ್ಕೆರಡು ಬಾರಿ ಮಗಳ ಜ್ವರ ಅಳೆಯುತ್ತಾ ಕುಳಿತ ಆ ದಂಪತಿ ನಿದ್ದೆ ಮಾಡಲಿಲ್ಲ.

ಈಚಿನ ವರ್ಷಗಳಲ್ಲಿ ಕಾರಿನಲ್ಲೇ ಮಲಗುವ, ಇಲ್ಲವೇ ಕಾರಿನ ಪಕ್ಕದಲ್ಲಿ ಟೆಂಟು ಹೊಡೆದು ಮಲಗುವ ಪ್ರವಾಸ ನಮ್ಮ ಮಧ್ಯಮ ವರ್ಗದ ಕುಟುಂಬಗಳಲ್ಲೂ ರೂಢಿಗೆ ಬರುತ್ತಿದೆ. ನಾಯಿಯನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸೊಪ್ಪದವರಿಗೆ ಇದು ಅನುಕೂಲವೂ ಹೌದು. ಇಂಥವರು ಊಟಕ್ಕೇನು, ನೀರಿಗೇನು, ಸ್ಟೌ ಯಾವುದು ಎಂದೆಲ್ಲ ಪಟ್ಟಿ ಮಾಡುತ್ತಾರೆ. ನಾಯಿ ರಾತ್ರಿ ಎಲ್ಲಿ ಮಲಗಬೇಕು ಎಂಬುದು ಮಾತ್ರ ಕತ್ತಲಾದ ಮೇಲೆ, ಎಲ್ಲರೂ ಆಕಳಿಸುತ್ತಿರುವಾಗ ನೆನಪಾಗುತ್ತದೆ. ಆಗ ತೋಚುವುದು ಮೂರೇ ದಾರಿ. ಹೊರಗೆ ಚಕ್ರಕ್ಕೆ ಕಟ್ಟುವುದು, ಕಾರಿನೊಳಗೆ ಕೂಡಿಹಾಕುವುದು, ಇಲ್ಲವೇ ಮಕ್ಕಳ ಹೊದಿಕೆಯೊಳಗೆ ಸೇರಿಸುವುದು. ಮೂರೂ ತಪ್ಪು. ಪಶುವೈದ್ಯನಲ್ಲದ ನಾನು ಈ ವಿಷಯ ಬರೆಯಲು ಕಾರಣ, ಇದರಿಂದ ಕಾಯಿಲೆ ಬೀಳುವವರು ಕೊನೆಗೆ ನನ್ನ ಬಳಿಗೇ ಬರುತ್ತಾರೆ.

ಹೊರಗೆ ಕಟ್ಟಿದರೆ

‘ನಾಯಿ ಎಂದ ಮೇಲೆ ಹೊರಗೇ ಮಲಗಬೇಕು, ಕಾವಲೂ ಆಯಿತು’ ಎನ್ನುವ ಹಿರಿಯರಿದ್ದಾರೆ. ಹಳ್ಳಿಯ ಮನೆಯ ಜಗುಲಿಯ ಮಟ್ಟಿಗೆ ಈ ಮಾತು ನಡೆಯಬಹುದು. ಆ ನಾಯಿಗೆ ಊರು ಗೊತ್ತು, ಓಡಿಹೋಗಲು ಜಾಗ ಗೊತ್ತು. ಅಪರಿಚಿತ ಸ್ಥಳದಲ್ಲಿ ಸರಪಳಿಯಲ್ಲಿರುವ ನಾಯಿಗೆ ಎರಡೂ ಇಲ್ಲ. ಮಲೆನಾಡು, ಕೊಡಗು, ಮೈಸೂರಿನ ಕಾಡಂಚು, ಅಷ್ಟೇಕೆ ತುಮಕೂರು ಕಡೆಯ ಬಂಡೆಗುಡ್ಡಗಳಲ್ಲೂ ಚಿರತೆಗಳಿವೆ. ಊರಂಚಿನ ಚಿರತೆಗೆ ನಾಯಿ ಸುಲಭದ ಆಹಾರ. ಕಟ್ಟಿಹಾಕಿದ ನಾಯಿ ಇನ್ನೂ ಸುಲಭ. ಅದರ ಕೂಗು ಕೇಳಿ ನಿದ್ದೆಗಣ್ಣಿನಲ್ಲಿ ಟಾರ್ಚು ಹಿಡಿದು ಹೊರಬರುವ ಯಜಮಾನನೂ ಅಪಾಯದ ಎದುರಿಗೇ ನಿಲ್ಲುತ್ತಾನೆ.

ಚಿರತೆ ಇಲ್ಲದ ಊರಲ್ಲೂ ಬೀದಿನಾಯಿಗಳಿವೆ. ತಮ್ಮ ಗಡಿಯೊಳಗೆ ಬಂದ ಹೊಸ ನಾಯಿಯನ್ನು ಅವು ಸುಮ್ಮನೆ ಬಿಡುವುದಿಲ್ಲ. ಜಗಳ ಬಿಡಿಸಲು ಹೋದವರಿಗೆ ಕಡಿತ ಖಂಡಿತ. ಹೀಗಾದರೆ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿ 15 ನಿಮಿಷ. ಬಹಳ ಮಂದಿ ಎರಡು ನಿಮಿಷಕ್ಕೇ ಮುಗಿಸುತ್ತಾರೆ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಹಚ್ಚಕೂಡದು. ಅಂದೇ ಹತ್ತಿರದ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಆರಂಭಿಸಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲೊಬ್ಯುಲಿನ್ ಕೂಡ ಬೇಕು. ಪ್ರವಾಸ ಮುಗಿಸಿ ಊರಿಗೆ ಹೋದ ಮೇಲೆ ನೋಡೋಣ ಎನ್ನುವ ಕಾಯಿಲೆ ಇದಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ನಿಮ್ಮ ನಾಯಿಗೆ ಕಡಿತವಾಗಿದ್ದರೆ, ಅದಕ್ಕೆ ವರ್ಷದ ಲಸಿಕೆ ಆಗಿದ್ದರೂ ಪಶುವೈದ್ಯರಿಗೆ ತೋರಿಸಬೇಕು.

ಹಾವಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾಯಿಯ ತಟ್ಟೆಯಲ್ಲಿ ಉಳಿದ ಅನ್ನಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಮಲಗುವ ಮುನ್ನ ತಟ್ಟೆ ತೊಳೆದು ಡಿಕ್ಕಿಗೆ ಸೇರಲಿ. ಕಟ್ಟುಹಾವು ರಾತ್ರಿ ಸಂಚಾರದ್ದು. ನೆಲದ ಮೇಲೆ ಮಲಗಿದವರನ್ನೇ ಅದು ಹೆಚ್ಚಾಗಿ ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಕಂಡರೆ ತಡಮಾಡದೆ ವಿಷನಿರೋಧಕ ಔಷಧ ದೊರೆಯುವ ಆಸ್ಪತ್ರೆಗೆ ಓಡಬೇಕು. ನಾಯಿ ಒಳಗೆ ಹೊರಗೆ ತಿರುಗಲೆಂದು ಟೆಂಟಿನ ಜಿಪ್ಪನ್ನು ಒಂದು ಗೇಣು ತೆರೆದಿಡುವ ಅಭ್ಯಾಸ ಹಲವರಿಗಿದೆ. ಆ ಒಂದು ಗೇಣು ಹಾವಿಗೂ ಸಾಕು.

ಕಾರಿನಲ್ಲಿ ಕೂಡಿಹಾಕಿದರೆ

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳಲ್ಲಿ, ಗೋಕರ್ಣದ ಕಡೆಯಿಂದ ಬರುವಾಗ ಪರಿಚಿತರೊಬ್ಬರ ತೆಂಗಿನ ತೋಟದಲ್ಲಿ ತಂಗಿದೆವು. ನಾವು ಟೆಂಟಿನಲ್ಲಿ, ನಮ್ಮ ಪಗ್ ನಾಯಿ ಕಾರಿನಲ್ಲಿ. ಕಿಟಕಿಗಳನ್ನು ಎರಡು ಬೆರಳಷ್ಟು ಇಳಿಸಿದ್ದೆ. ರಾತ್ರಿ ತಂಪಾಗಿತ್ತು. ಹಿಂದಿನ ದಿನದ ಡ್ರೈವಿಂಗಿನ ಆಯಾಸಕ್ಕೆ ನಾವು ಎದ್ದಾಗ ಎಂಟೂವರೆ. ಬಿಸಿಲು ನೇರ ಮುಂದಿನ ಗಾಜಿನ ಮೇಲಿತ್ತು. ನಾಯಿ ಸೀಟಿನ ಕೆಳಗೆ ನಾಲಿಗೆ ಚಾಚಿ ಬಿದ್ದುಕೊಂಡಿತ್ತು. ಬಾಯಲ್ಲಿ ಅಂಟಂಟು ಜೊಲ್ಲು, ಕಣ್ಣು ಕೆಂಪು, ಎತ್ತಿ ನಿಲ್ಲಿಸಿದರೆ ಕಾಲು ನಿಲ್ಲುತ್ತಿಲ್ಲ. ಬಾವಿಯ ನೀರನ್ನು ಕೊಡಗಟ್ಟಲೆ ಸುರಿದು, ದಿನಪತ್ರಿಕೆಯಿಂದ ಗಾಳಿ ಹಾಕಿ, ಪಶುವೈದ್ಯರಲ್ಲಿಗೆ ಒಯ್ದೆವು. ಮೂರು ದಿನ ಡ್ರಿಪ್ ಹಾಕಿಸಿಕೊಂಡು ಅದು ಬದುಕಿತು. ಬಿಸಿಲಾಘಾತದ ಬಗ್ಗೆ ರೋಗಿಗಳಿಗೆ ಪ್ರತಿ ಬೇಸಿಗೆಯಲ್ಲೂ ಭಾಷಣ ಮಾಡುವವನು ನಾನು. ನನ್ನ ಮಗಳು ಆ ಮೂರು ದಿನ ನನ್ನೊಡನೆ ಮಾತಾಡಲಿಲ್ಲ.

ಆದದ್ದೇನೆಂದರೆ, ಕಾರಿನ ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಶಾಖವನ್ನು ಹೊರಗೆ ಬಿಡುವುದಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ ಉಷ್ಣಾಂಶ ಹೊರಗಿಗಿಂತ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಇದರಲ್ಲಿ ಬಹುಪಾಲು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಕಿಟಕಿಯನ್ನು ಎರಡು ಬೆರಳು ಇಳಿಸುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ನಮಗಾದರೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರಿನ ಗ್ರಂಥಿಗಳು ಇರುವುದು ಬಹುತೇಕ ಅಂಗಾಲಿನಲ್ಲಿ ಮಾತ್ರ. ತೇಕುವುದೇ ಅದರ ಫ್ಯಾನು. ಸುತ್ತಲಿನ ಗಾಳಿಯೇ ಬಿಸಿಯಾಗಿ, ತೇವ ತುಂಬಿದಾಗ ಆ ಫ್ಯಾನು ಕೆಲಸ ಮಾಡದು. ಪಗ್, ಬುಲ್‌ಡಾಗ್, ಶಿಟ್ಜು ಮುಂತಾದ ಚಪ್ಪಟೆ ಮೂತಿಯ ತಳಿಗಳಲ್ಲಿ ಅದು ಮೊದಲೇ ದುರ್ಬಲ. ನಾಯಿಯ ಸಹಜ ದೇಹೋಷ್ಣ 38.3ರಿಂದ 39.2 ಡಿಗ್ರಿ. 41 ದಾಟಿತೆಂದರೆ ಮೂತ್ರಪಿಂಡ, ಮೆದುಳು, ಕರುಳು ಎಲ್ಲಕ್ಕೂ ಪೆಟ್ಟು.

ಇಂಥ ಸಂದರ್ಭದಲ್ಲಿ ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ನೆರಳಿಗೆ ತಂದು, ಮೈಗೆಲ್ಲ ನೀರು ಸುರಿದು, ಗಾಳಿ ಬೀಸಬೇಕು. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಅದರಡಿಯಲ್ಲೇ ಉಳಿಯುತ್ತದೆ, ಹೊದಿಸಬೇಡಿ. ಪ್ರಜ್ಞೆ ಸರಿಯಿಲ್ಲದ ನಾಯಿಯ ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು.

ಹಾಗಾದರೆ ಎ.ಸಿ. ಹಾಕಿಟ್ಟು ಮಲಗಿದರಾಯಿತಲ್ಲ ಎನ್ನಬಹುದು. ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಇಲ್ಲಿ ಪಣಕ್ಕಿರುವುದು ಇಡೀ ಕುಟುಂಬ. ನಿಂತ ಕಾರಿನಲ್ಲಿ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಓಡುತ್ತಿದ್ದರೆ ಹೊಗೆಕೊಳವೆಯಿಂದ ಇಂಗಾಲದ ಮಾನಾಕ್ಸೈಡ್ ಅನಿಲ ಹೊರಬರುತ್ತದೆ. ಕೊಳವೆ ತೂತಾಗಿದ್ದರೆ, ಹಿಂದೆ ಗೋಡೆಯೋ ಮಣ್ಣುದಿಬ್ಬವೋ ಇದ್ದರೆ ಅದು ಒಳಸೇರಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಚಳಿಗೆಂದು ಟೆಂಟಿನೊಳಗೆ ಇದ್ದಿಲ ಅಗ್ಗಿಷ್ಟಿಕೆಯನ್ನೋ ಗ್ಯಾಸ್ ಹೀಟರನ್ನೋ ಇಡುವುದೂ ಇದೇ ಸಾಲಿನ ಅಪಾಯ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಮಂದಿ ಪ್ರವಾಸಿಗರು, ಅವರಲ್ಲಿ ಮಕ್ಕಳೂ ಸೇರಿ, ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿ ತೀರಿಹೋದದ್ದು ನಿಮಗೆ ನೆನಪಿರಬಹುದು. ಬೆಳಗ್ಗೆ ಎದ್ದಾಗ ಎಲ್ಲರಿಗೂ ಒಟ್ಟಿಗೇ ತಲೆನೋವು, ಓಕರಿಕೆ, ನಾಯಿಯೂ ತೂರಾಡುತ್ತಿದೆ ಎಂದರೆ ರಾತ್ರಿಯ ಊಟದ ಮೇಲೆ ತಪ್ಪು ಹೊರಿಸಬೇಡಿ. ತಕ್ಷಣ ಎಲ್ಲರೂ ಬಯಲಿಗೆ ಬನ್ನಿ, ಆಸ್ಪತ್ರೆಗೆ ಹೋಗಿ.

ಹೊದಿಕೆಯೊಳಗೆ ಸೇರಿಸಿದರೆ

ಇನ್ನು ಆ ಹುಡುಗಿಯ ಸಂಗತಿ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಪ್ರಪಂಚದ ವೈದ್ಯಗ್ರಂಥಗಳಲ್ಲಿ ಇಂದಿಗೂ ಅದೇ ಊರಿನ ಹೆಸರು. ಮಂಗಗಳು ಸಾಯುವುದರಿಂದ ಈ ಹೆಸರು ಬಂತಾದರೂ ನಮಗೆ ಅದನ್ನು ಅಂಟಿಸುವುದು ಉಣ್ಣೆ; ಅದರಲ್ಲೂ ಎಳ್ಳಿನಷ್ಟು ಸಣ್ಣ ಮರಿ ಉಣ್ಣೆ. ಡಿಸೆಂಬರಿನಿಂದ ಮೇ ತನಕ, ತರಗೆಲೆ ಒಣಗಿ ಬಿದ್ದ ಕಾಡಿನಲ್ಲಿ ಇವುಗಳ ಕಾಲ. ನಮ್ಮ ಪ್ರವಾಸದ ಕಾಲವೂ ಅದೇ ಅಲ್ಲವೇ? ನೀವು ಪ್ಯಾಂಟು, ಬೂಟು ಹಾಕಿ ಕಾಲುದಾರಿಯಲ್ಲೇ ನಡೆದಿರಬಹುದು. ನಾಯಿ ಪೊದೆಪೊದೆಗೆ ಮೂತಿ ತೂರಿಸಿ ಬಂದಿರುತ್ತದೆ. ಅದರ ಕೂದಲಿನಲ್ಲಿ ಸವಾರಿ ಮಾಡಿ ಬಂದ ಉಣ್ಣೆ ರಾತ್ರಿ ಬೆಚ್ಚಗಿನ ಹೊದಿಕೆಯೊಳಗೆ ಜಾಗ ಬದಲಿಸುತ್ತದೆ. ಮಂಗನ ಕಾಯಿಲೆಯಲ್ಲದೆ ಉಣ್ಣೆಯಿಂದ ಬರುವ ಟೈಫಸ್ ಜ್ವರವೂ ನಮ್ಮಲ್ಲಿದೆ.

ಆದ್ದರಿಂದ ಮಲಗುವ ಮುನ್ನ ನಾಯಿಯ ಮೈಯನ್ನು ಟಾರ್ಚು ಹಿಡಿದು ಪರೀಕ್ಷಿಸಿ. ಕಿವಿಯ ಒಳಮಗ್ಗುಲು, ಕತ್ತುಪಟ್ಟಿಯ ಕೆಳಗೆ, ಕಾಲ್ಬೆರಳ ಸಂದು, ತೊಡೆಸಂದು, ಬಾಲದ ಬುಡ. ಆಮೇಲೆ ಮಕ್ಕಳ ತಲೆ, ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ. ಉಣ್ಣೆ ಕಚ್ಚಿಕೊಂಡಿದ್ದರೆ ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ಒತ್ತಿಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿ ತಾಗಿಸುವುದು ಬೇಡ; ಹಿಂಸೆಗೊಂಡ ಉಣ್ಣೆ ತನ್ನ ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕಬಹುದು. ಉಗುರಿನಲ್ಲಿ ಕುಕ್ಕಿ ಕೊಲ್ಲುವ ನಮ್ಮ ಅಭ್ಯಾಸವೂ ಬೇಡ. ಸೋಪಿನ ನೀರಿಗೆ ಹಾಕಿ. ಪ್ರವಾಸಕ್ಕೆ ಒಂದೆರಡು ವಾರ ಮೊದಲೇ ಪಶುವೈದ್ಯರನ್ನು ಕಂಡು ನಾಯಿಗೆ ಉಣ್ಣೆನಿವಾರಕ ಔಷಧ, ಜಂತುಹುಳುವಿನ ಔಷಧ, ರೇಬಿಸ್ ಮತ್ತು ಇಲಿಜ್ವರದ ಲಸಿಕೆ ಆಗಿವೆಯೇ ಎಂದು ಖಚಿತಪಡಿಸಿಕೊಳ್ಳಿ. ನಾವು ಕೈಕಾಲಿಗೆ ಹಚ್ಚಿಕೊಳ್ಳುವ ಕೀಟನಿವಾರಕ ತೈಲವನ್ನು ನಾಯಿಗೆ ಹಚ್ಚಬಾರದು. ಅದು ನೆಕ್ಕುತ್ತದೆ; ಅದರಲ್ಲಿರುವ ರಾಸಾಯನಿಕ ಅದಕ್ಕೆ ವಿಷ.

ಉಬ್ಬಸವಿರುವ ಮಕ್ಕಳಿಗೆ ಇನ್ನೊಂದು ತೊಂದರೆ. ಮನೆಯ ದೊಡ್ಡ ಕೋಣೆಯಲ್ಲಿ ತೊಂದರೆ ಕೊಡದ ನಾಯಿಯ ಹೊಟ್ಟು, ಜೊಲ್ಲಿನ ಕಣಗಳು ಮುಚ್ಚಿದ ಕಾರಿನಲ್ಲಿ ಒತ್ತಾಗಿ ತುಂಬಿಕೊಳ್ಳುತ್ತವೆ. ನಡುರಾತ್ರಿ ಉಬ್ಬಸ ಏರಿದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ? ಇಂಥ ಮಗುವಿನ ಇನ್‌ಹೇಲರ್ ಸೂಟ್‌ಕೇಸಿನ ತಳದಲ್ಲಲ್ಲ, ತಲೆದಿಂಬಿನ ಪಕ್ಕದಲ್ಲಿರಲಿ. ಆ ಮಗುವೂ ನಾಯಿಯೂ ಎದುರುಬದುರು ತುದಿಗಳಲ್ಲಿ ಮಲಗಲಿ.

ಸರಿ, ಮತ್ತೆಲ್ಲಿ?

ನಾಯಿ ಮಲಗಬೇಕಾದದ್ದು ನಿಮ್ಮ ಸೂರಿನಡಿಯಲ್ಲೇ, ಆದರೆ ತನ್ನದೇ ಹಾಸಿಗೆಯ ಮೇಲೆ, ನಿಮ್ಮ ಕಾಲಿನ ಕಡೆ. ಕಾರಿನಲ್ಲಿ ಮಲಗುವವರು ತಮ್ಮ ತಲೆ ಮುಂದಿನ ಸೀಟಿನ ಕಡೆಗೂ ಕಾಲು ಡಿಕ್ಕಿಯ ಬಾಗಿಲ ಕಡೆಗೂ ಬರುವಂತೆ ಹಾಸಿಗೆ ಹಾಸಿಕೊಂಡು, ಕಾಲಿನ ತುದಿಯಲ್ಲಿ ನಾಯಿಗೆ ಜಾಗ ಬಿಡಬಹುದು. ನಾಯಿ ಮೈಚಾಚಿದಾಗ ಮೂಗಿನಿಂದ ಬಾಲದ ಬುಡದವರೆಗೆ ಎಷ್ಟು ಉದ್ದವೋ ಅದಕ್ಕಿಂತ ಒಂದು ಗೇಣು ಹೆಚ್ಚು ಬೇಕು. ಇದನ್ನು ಮನೆಯ ಅಂಗಳದಲ್ಲೇ ಅಳೆದು ನೋಡಿ. ಜಾಗ ಸಾಲದಿದ್ದರೆ ಕುಟುಂಬ ಟೆಂಟಿನಲ್ಲೂ ಮಲಗಬೇಕಾದೀತು. ಕತ್ತಲಲ್ಲಿ ಅಲ್ಲ, ಹೊರಡುವ ಮೊದಲೇ ಇದು ಗೊತ್ತಾಗಲಿ.

ಹೊಸ ಹಾಸಿಗೆ ಕೊಳ್ಳಬೇಡಿ. ಮನೆಯಲ್ಲಿ ಅದು ಮಲಗುವ ಗೋಣಿಯನ್ನೋ ಹಳೆಯ ಕಂಬಳಿಯನ್ನೋ ಒಗೆಯದೆ ತನ್ನಿ. ಆ ವಾಸನೆಯೇ ಅದಕ್ಕೆ ಮನೆ. ಚಿಕ್ಕಮಗಳೂರು, ಮಡಿಕೇರಿಗಳ ಡಿಸೆಂಬರ್ ರಾತ್ರಿಗಳಲ್ಲಿ ಚಳಿ ಏರುವುದು ನೆಲದಿಂದ. ಆದ್ದರಿಂದ ಮೇಲೆ ಹೊದಿಸುವುದಕ್ಕಿಂತ ಕೆಳಗೆ ದಪ್ಪ ಹಾಸುವುದು ಮುಖ್ಯ. ಒದ್ದೆ ನಾಯಿಯನ್ನು ಒರೆಸದೆ ಮಲಗಿಸಬಾರದು. ರಾತ್ರಿ ಕತ್ತಿಗೆ ಸರಪಳಿ ಹಾಕಿಡುವುದೂ ಅಪಾಯ. ಹೊರಳಾಡುವಾಗ ಬಿಗಿದುಕೊಳ್ಳುತ್ತದೆ, ಮಕ್ಕಳ ಕೈಕಾಲಿಗೂ ಸುತ್ತಿಕೊಳ್ಳುತ್ತದೆ. ಎದೆಪಟ್ಟಿ ಇರಲಿ, ಹಗ್ಗ ಪಕ್ಕದಲ್ಲಿರಲಿ. ಬೆಳಗ್ಗೆ ಬಾಗಿಲು ತೆರೆಯುವ ಮುನ್ನ ಹಗ್ಗ ಕಟ್ಟುವ ಕೆಲಸ ಒಬ್ಬರದೇ ಆಗಿರಲಿ, ಇಲ್ಲವಾದರೆ ಎಲ್ಲರೂ ಇನ್ನೊಬ್ಬರು ಕಟ್ಟಿದ್ದಾರೆಂದುಕೊಳ್ಳುತ್ತಾರೆ. ಬಾಗಿಲು ತೆರೆದೊಡನೆ ಹೆದ್ದಾರಿಗೆ ಹಾರಿದ ನಾಯಿ ಹಿಂದಿರುಗಿ ಬರುವುದು ಅದೃಷ್ಟವಿದ್ದರೆ ಮಾತ್ರ.

ಕಿಟಕಿಗಳಿಗೆ ಸೊಳ್ಳೆಬಲೆ ಬಿಗಿದು ಎದುರುಬದುರಾಗಿ ಅರ್ಧದಷ್ಟು ತೆರೆಯಿರಿ; ನಾಲ್ಕು ಜನ ಮತ್ತು ಒಂದು ನಾಯಿಯ ಉಸಿರಿಗೆ ಗಾಳಿ ಆಡಬೇಕು. ಸೂರ್ಯ ಹುಟ್ಟುವುದು ಪೂರ್ವದಲ್ಲಾದ್ದರಿಂದ ಮರದ ಅಥವಾ ಕಟ್ಟಡದ ಪಶ್ಚಿಮಕ್ಕೆ ಕಾರು ನಿಲ್ಲಿಸಿದರೆ ಬೆಳಗಿನ ನೆರಳು ಸಿಗುತ್ತದೆ. ನಾನು ಇಷ್ಟು ಕಲಿಯಲು ಒಂದು ನಾಯಿಗೆ ಮೂರು ದಿನ ಡ್ರಿಪ್ ಬೇಕಾಯಿತು. ಕಾರಿನ ಮೇಲ್ಛಾವಣಿಯ ಮೇಲೆ ಬಿಚ್ಚುವ ಟೆಂಟುಗಳು ಬಂದಿವೆಯಲ್ಲ, ಅವುಗಳ ಏಣಿಯಲ್ಲಿ 30 ಕಿಲೋ ಲ್ಯಾಬ್ರಡಾರನ್ನು ಎತ್ತಿಕೊಂಡು ಹತ್ತಲು ಹೋಗಿ ಸೊಂಟ ಹಿಡಿಸಿಕೊಂಡವರೊಬ್ಬರಿಗೆ ಈಚೆಗೆ ಚಿಕಿತ್ಸೆ ಕೊಟ್ಟೆ. ದೊಡ್ಡ ನಾಯಿ ಇರುವವರಿಗೆ ನೆಲದ ಟೆಂಟೇ ಸರಿ.

ಒಂದೇ ಹಾಸಿಗೆ ಬೇಡವೆನ್ನಲು ಉಣ್ಣೆಯೊಂದೇ ಕಾರಣವಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು 2017ರಲ್ಲಿ ಪ್ರಕಟಿಸಿದ 40 ಮಂದಿಯ ಅಧ್ಯಯನದಲ್ಲಿ, ಕೋಣೆಯಲ್ಲಿ ನಾಯಿ ಇದ್ದವರು ಸಾಕಷ್ಟು ಚೆನ್ನಾಗಿಯೇ ನಿದ್ರಿಸಿದ್ದರು. ಅದೇ ನಾಯಿ ಹಾಸಿಗೆಯ ಮೇಲಿದ್ದಾಗ ನಿದ್ದೆ ಸ್ವಲ್ಪ ಕೆಟ್ಟಿತ್ತು. ಮನೆಯಲ್ಲಾದರೆ ಮಾರನೆಯ ದಿನ ಆಫೀಸಿನಲ್ಲಿ ತೂಕಡಿಸಬಹುದು. ಪ್ರವಾಸದಲ್ಲಿ ಮಾರನೆಯ ದಿನ ನೀವು ಆಗುಂಬೆ ಘಾಟಿಯ ತಿರುವುಗಳಲ್ಲಿ ಸ್ಟೀರಿಂಗ್ ಹಿಡಿದಿರುತ್ತೀರಿ.

ನಾಯಿಯೊಡನೆ ಎಲ್ಲಿ ತಂಗಬಾರದು ಎಂಬುದೂ ಗೊತ್ತಿರಲಿ. ಬಂಡೀಪುರ, ನಾಗರಹೊಳೆಯಂಥ ಹುಲಿ ಸಂರಕ್ಷಿತ ಕಾಡುಗಳೊಳಗೆ ಸಾಕುನಾಯಿಗೆ ಪ್ರವೇಶವಿಲ್ಲ. ಇದು ಅಧಿಕಾರಿಗಳ ಹಠವಲ್ಲ. ನಾಯಿಗಳ ಡಿಸ್ಟೆಂಪರ್ ರೋಗ ಕಾಡುಪ್ರಾಣಿಗಳಿಗೂ ಹಬ್ಬುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಿಂಹಗಳು ಸತ್ತದ್ದು ಇದೇ ರೋಗಾಣುವಿನಿಂದ. ತೋಟದ ಮಾಲೀಕರ ಅನುಮತಿ ಪಡೆದು, ಮನೆಯ ಹತ್ತಿರದ ಬಯಲಿನಲ್ಲಿ, ಪೊದೆಯಿಂದ ದೂರ ತಂಗುವುದು ಎಲ್ಲ ದೃಷ್ಟಿಯಿಂದಲೂ ಕ್ಷೇಮ.

ರಾತ್ರಿ ನಾಯಿಗೆ ಮೈ ಬಿಸಿಯಾಗಿದೆ, ಅರ್ಧ ಪ್ಯಾರಾಸಿಟಮಾಲ್ ಕೊಡಲೇ ಎಂದು ನನಗೆ ಫೋನು ಮಾಡುವವರಿದ್ದಾರೆ. ಕೊಡಬೇಡಿ. ನಮ್ಮ ಜ್ವರದ, ನೋವಿನ ಮಾತ್ರೆಗಳು ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಮುಟ್ಟಿದರೆ ನಮಗಿಂತ ತುಸು ಬೆಚ್ಚಗಿರುವುದು ಅದರ ಸಹಜ ಗುಣ. ಹೋಗುವ ಊರಿನ ಪಶುಆಸ್ಪತ್ರೆ ಎಲ್ಲಿದೆ ಎಂಬುದನ್ನು ಹೊರಡುವ ಮುನ್ನ ತಿಳಿದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬಿಕೊಳ್ಳುವಂತಿಲ್ಲ.

ಹಿಂದಿರುಗಿ ಬಂದ ಮೇಲೆ ಎರಡು ವಾರ ಮನೆಮಂದಿಯ ಮೇಲೆ ಕಣ್ಣಿಡಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ದಿಢೀರನೆ ಬರುವ ತೀವ್ರ ಜ್ವರ, ಮುಂದಲೆಯ ನೋವು, ಸೊಂಟ-ಕಾಲುಗಳ ಸಹಿಸಲಾರದ ನೋವಿನಿಂದ ಶುರುವಾಗುತ್ತದೆ. ಕೆಲವರಲ್ಲಿ ಮೂಗು, ವಸಡಿನಿಂದ ರಕ್ತ ಬರುತ್ತದೆ. ಇದಕ್ಕೆಂದೇ ಇರುವ ಔಷಧವಿಲ್ಲ, ಆದರೆ ಬೇಗ ಆಸ್ಪತ್ರೆ ಸೇರಿದವರನ್ನು ಉಳಿಸಿಕೊಳ್ಳುವುದು ಸುಲಭ. ಬೆಂಗಳೂರಿನ ವೈದ್ಯರು ಇಂಥ ಜ್ವರ ಕಂಡಾಗ ಮೊದಲು ಯೋಚಿಸುವುದು ಡೆಂಗೆಯನ್ನು. ಆದ್ದರಿಂದ ಅವರು ಕೇಳದಿದ್ದರೂ ನೀವೇ ಹೇಳಿ: ಇಂಥ ಊರಿಗೆ ಹೋಗಿದ್ದೆವು, ಇಂಥ ದಿನ, ಇಂಥ ಕಡೆ ಮಲಗಿದ್ದೆವು, ನಾಯಿ ಜೊತೆಯಲ್ಲಿತ್ತು.